ಮೂರು ನಿಮಿಷ ನಿಲ್ಲಿಸಿ ನೋಡಿದ್ದು

"ವಯಸ್ಸಾಯ್ತಲ್ವಾ ತಾಯಿ, ತಲೆ ಸುತ್ತೋದು ಇದ್ದದ್ದೇ."

ಈ ಮಾತು ಹೇಳಿದ್ದು ನಾನೇ. ಕೊಡಗಿನ ನಾಪೋಕ್ಲು ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಹೆಸರು ದೊಡ್ಡದು, ಕೆಲಸ ನರ್ಸಿನದ್ದೇ. ಊರು ಹಾಸನದ ಕಡೆ. ಕೊಡವರ ಮನೆಯಲ್ಲಿ 'ತಾಯಿ' ಅಂದ್ರೆ ಅಜ್ಜಿ ಅಂತ ಗೊತ್ತಾಗೋಕೆ ನನಗೆ ಒಂದು ತಿಂಗಳು ಬೇಕಾಯಿತು. ಹುಡುಗನೊಬ್ಬ "ತಾಯಿಗೆ ಹುಷಾರಿಲ್ಲ" ಅಂದಾಗ ಅವನ ಅಮ್ಮ ಇರಬೇಕು ಅಂತ ವಯಸ್ಸು 40 ಬರೆದಿಟ್ಟಿದ್ದೆ. ಬಾಗಿಲಲ್ಲಿ ಕಾಣಿಸಿಕೊಂಡವರಿಗೆ 80 ದಾಟಿತ್ತು.

ತಲೆ ಸುತ್ತುತ್ತೆ ಅಂದ ಈ ತಾಯಿಗೆ 78. ಅವತ್ತು ಬಿಪಿ, ಶುಗರ್ ನೋಡುವ ದಿನ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಕೂರಿಸಿ ಬಿಪಿ ನೋಡಿದೆ, ಚೆನ್ನಾಗೇ ಇತ್ತು. ಮಾತ್ರೆ ಕೊಟ್ಟು ಕಳಿಸಿದೆ. ಹತ್ತು ದಿನಕ್ಕೆ ಬಚ್ಚಲಿಗೆ ಹೋಗುವಾಗ ಬಿದ್ದರು. ಸೊಂಟದ ಮೂಳೆ ಮುರಿಯಿತು, ಮೈಸೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಬೇಕಾಯಿತು.

ವಾಪಸ್ ಬಂದ ಮೇಲೆ ನೋಡೋಕೆ ಹೋದೆ. ನಿಜ ಹೇಳಬೇಕೆಂದರೆ ಮುಖ ತೋರಿಸೋಕೆ ನಾಚಿಕೆ ಆಗಿತ್ತು. "ಮನೇಲಿರೋ ಮಾತ್ರೆ ಎಲ್ಲಾ ತೋರಿಸಿ" ಅಂದೆ. ಸೊಸೆ ಒಂದು ಬಿಸ್ಕತ್ತು ಡಬ್ಬ ತಂದು ಮಂಚದ ಮೇಲೆ ಸುರಿದರು. ನಾವು ಕೊಟ್ಟ ಬಿಪಿ ಮಾತ್ರೆ ಅಮ್ಲೋಡಿಪಿನ್. ಬೆಂಗಳೂರಿನ ಮಗ ಕಳಿಸುತ್ತಿದ್ದ ಇನ್ನೊಂದು ಸ್ಟ್ರಿಪ್, ಹೆಸರು ಬೇರೆ, ಕೆಳಗೆ ಸಣ್ಣಕ್ಷರದಲ್ಲಿ ಅದೇ ಅಮ್ಲೋಡಿಪಿನ್. ಒಂದು ಬಿಳಿ, ಒಂದು ಹಳದಿ, ಹಾಗಾಗಿ ಎರಡೂ ಬೇರೆ ಮಾತ್ರೆ ಅಂತ ನಂಬಿ ದಿನಾ ಎರಡನ್ನೂ ನುಂಗುತ್ತಿದ್ದರು. ಜೊತೆಗೆ ನೀರು ಹೋಗುವ, ಅಂದರೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ. ಯಾರೋ ಯಾವಾಗಲೋ ಬರೆದುಕೊಟ್ಟ ನಿದ್ದೆ ಮಾತ್ರೆ. ಇಷ್ಟೆಲ್ಲ ಹೊಟ್ಟೆಗೆ ಹೋದರೆ ನನಗೂ ತಲೆ ಸುತ್ತುತ್ತೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎರಡರಲ್ಲಿ ಒಂದು ಬಿಪಿ ಮಾತ್ರೆ ನಿಲ್ಲಿಸಿದರು. ನಿದ್ದೆ ಮಾತ್ರೆಯನ್ನು ಒಂದೇ ಸಲಕ್ಕೆ ಬಿಡಬಾರದು, ಸ್ವಲ್ಪ ಸ್ವಲ್ಪವೇ ಇಳಿಸಿದರು.

ಅದಾದ ಮೇಲೆ ಎರಡು ಕೆಲಸ ಶುರು ಮಾಡಿದೆ. ಒಂದು, ವಯಸ್ಸಾದವರು ಯಾರು ಬಂದರೂ ಮಾತ್ರೆ ಡಬ್ಬ ಜೊತೆಗೆ ತರಬೇಕು. ಚೀಟಿ ಬೇಡ, ಡಬ್ಬವೇ ಬೇಕು. ಎರಡನೆಯದು ನಿಂತ ಬಿಪಿ. ಕೂತಾಗ ಚೆನ್ನಾಗಿರುವ ಬಿಪಿ ಎದ್ದು ನಿಂತಾಗ ಇಳಿದುಬಿಡಬಹುದು. ಐದು ನಿಮಿಷ ಮಲಗಿಸಿ ಒಮ್ಮೆ ನೋಡುತ್ತೇನೆ. ಎದ್ದು ನಿಂತ ಮೇಲೆ ಒಂದು ನಿಮಿಷ ಆದಾಗ ಒಮ್ಮೆ, ಮೂರು ನಿಮಿಷ ಆದಾಗ ಇನ್ನೊಮ್ಮೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಇದು ನರ್ಸಿಂಗ್ ಓದುವಾಗ ಎಲ್ಲರೂ ಕಲಿತದ್ದೇ. ಮಾಡೋಕೆ ಟೈಮ್ ಇಲ್ಲ ಅಂತ ಬಿಟ್ಟಿದ್ದೆ ಅಷ್ಟೇ.

ಟೈಮ್ ಹೊಂದಿಸೋಕೆ ಕಷ್ಟವೇ ಆಯಿತು. ಕಾಯುವವರು ಗೊಣಗಿದರು. ಕೊನೆಗೆ 65 ದಾಟಿದವರಿಗೆ ಬೇರೆ ದಿನ ಇಟ್ಟೆ, ಬಸ್ ಟೈಮ್ ನೋಡಿಕೊಂಡು.

ಆದರೆ ಆ ಮೂರು ನಿಮಿಷದಲ್ಲಿ ನಾನು ಅಂದುಕೊಳ್ಳದ ಒಂದು ವಿಷಯ ನಡೆಯಿತು. ಬೀಳಬಾರದು ಅಂತ ಅವರ ಕೈ ಹಿಡಿದುಕೊಂಡೇ ನಿಲ್ಲಬೇಕು. ಬರೆಯೋಕಾಗಲ್ಲ, ಫೋನ್ ನೋಡೋಕಾಗಲ್ಲ. ಸುಮ್ನೆ ನಿಂತಿರಬೇಕು. ಆಗ ಅವರು ಮಾತಾಡುತ್ತಾರೆ. "ರಾತ್ರಿ ಉಚ್ಚೆಗೆ ಏಳೋಕೆ ಭಯ, ಅದಕ್ಕೇ ಸಂಜೆಯಿಂದ ನೀರು ಕುಡಿಯಲ್ಲ." "ಕಾಣಿಸಲ್ಲ ಅಂದ್ರೆ ಮಗನಿಗೆ ಖರ್ಚು." ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಒಬ್ಬ ಅಜ್ಜ, ತೋಟದ ಹಳೆಯ ಕೆಲಸಗಾರ, ಎರಡು ವರ್ಷದಿಂದ ನನ್ನ ಹತ್ತಿರ ಹೂಂ, ಊಹೂಂ ಬಿಟ್ಟು ಬೇರೆ ಆಡಿದವನಲ್ಲ. ಕೈ ಹಿಡಿದು ನಿಂತಾಗ, ಹೆಂಡತಿ ಸತ್ತ ಮೇಲೆ ರಾತ್ರಿ ಒಲೆ ಹಚ್ಚುವುದೇ ಇಲ್ಲ ಅಂದ. ಅವನಿಗೆ ಶುಗರ್ ಮಾತ್ರೆ ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಇತ್ತು. ಊಟ ಇಲ್ಲದೆ ಆ ಮಾತ್ರೆ! ಶುಗರ್ ತೀರಾ ಇಳಿದು ಬೆಳಗಿನ ಜಾವ ಬೆವರಿ, ನಡುಗಿ ಏಳುತ್ತಿದ್ದುದಕ್ಕೆ ಕಾರಣ ಅದೇ ಆಗಿತ್ತು.

ಮಳೆಗಾಲದಲ್ಲಿ ಇದು ಯಾವುದೂ ಉಪಕೇಂದ್ರದಲ್ಲಿ ನಡೆಯಲ್ಲ. ಜೂನ್ ಬಂದರೆ ಅವರು ಮನೆ ಬಿಟ್ಟು ಬರುವುದಿಲ್ಲ, ನಾವೇ ಹೋಗಬೇಕು. ಊರಿನ ಆಶಾ ಕಾರ್ಯಕರ್ತೆ ಅಕ್ಕ ಮತ್ತು ನಾನು ಕೊಡೆ, ಜಿಗಣೆಗೆ ಉಪ್ಪು ಹಿಡಿದು ಹೊರಡುತ್ತೇವೆ. ಮನೆಗೆ ಹೋದರೆ ಮೊದಲು ನಾನು ನೋಡುವುದು ಬಚ್ಚಲಿನ ದಾರಿ. ಅಂಗಳದ ಪಾಚಿ ಬಿಪಿಗಿಂತ ಜಾಸ್ತಿ ಜನರನ್ನು ಬೀಳಿಸಿದೆ ಅಂತ ನನ್ನ ಅನಿಸಿಕೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಸಿಲ್ವರ್ ಓಕ್ ಗೂಟ ನೆಟ್ಟು ಅಡ್ಡಕ್ಕೆ ರೀಪು ಹೊಡೆಯಿರಿ, ಹಿಡಿದು ನಡೆಯಲಿ ಅಂತ ಹೇಳುತ್ತೇನೆ. ಅರ್ಧ ಮನೆಗಳಲ್ಲಿ ಮಾಡಿದ್ದಾರೆ. ಉಳಿದ ಮನೆಗಳಲ್ಲಿ "ನಾಳೆ" ಅಂತಾರೆ.

ಒಂದು ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ಕೊಡವ ತಿಂಗಳಲ್ಲಿ, ಫೋನ್ ಬಂತು. ಮಿಲಿಟರಿಯಿಂದ ರಿಟೈರ್ ಆದ ಅಜ್ಜ, ರಾತ್ರಿಯಿಡೀ ಯಾರನ್ನೋ ಕೂಗುತ್ತಾರೆ, ಹೆಂಡತಿಯ ಗುರುತಿಲ್ಲ. "ಮರೆವಿನ ಕಾಯಿಲೆ ಬಂತು ಅನ್ಸುತ್ತೆ, ವಯಸ್ಸಾಯ್ತಲ್ಲ" ಅಂದರು ಮನೆಯವರು. ಯಾವಾಗಿನಿಂದ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿತ್ತು. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುತ್ತಾರಲ್ವಾ, ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ. ತೆಗೆದು ನೋಡಿದೆ. ಸೋಮವಾರದವರೆಗೆ ಮುತ್ತಿನಂಥ ಅಕ್ಷರ. ಮಂಗಳವಾರ ಸೊಟ್ಟ ಗೆರೆ. ಬುಧವಾರ ಖಾಲಿ.

ಎರಡು ದಿನದಲ್ಲಿ ಬರುವುದು ಮರೆವಿನ ಕಾಯಿಲೆ ಅಲ್ಲ. ಅದು ತಿಂಗಳು, ವರ್ಷ ತೆಗೆದುಕೊಂಡು ಬರುತ್ತೆ. ಹೀಗೆ ದಿಢೀರ್ ಅಂತ ತಲೆ ಕೆಟ್ಟರೆ ದೇಹದಲ್ಲಿ ಬೇರೇನೋ ಕೆಟ್ಟಿದೆ ಅಂತಲೇ ಹುಡುಕಬೇಕು: ಸೋಂಕು, ನೀರು ಕಮ್ಮಿ, ಮಲ ಕಟ್ಟಿದ್ದು, ಹೊಸ ಮಾತ್ರೆ. ಹೊಟ್ಟೆಯ ಕೆಳಗೆ ಕೈ ಇಟ್ಟರೆ ಕಲ್ಲಿನಂತೆ ಗಟ್ಟಿ. ಮೂತ್ರ ಹೋಗಿರಲಿಲ್ಲ. ಪ್ರಾಸ್ಟೇಟ್ ಮೊದಲೇ ದೊಡ್ಡದಾಗಿತ್ತು, ಅದರ ಮೇಲೆ ನೆಗಡಿಗೆ ಅಂಗಡಿಯಿಂದ ತಂದ ಮಾತ್ರೆ. ಆ ನೆಗಡಿ ಮಾತ್ರೆಗಳು ಮೂತ್ರವನ್ನೂ ಕಟ್ಟಿಸುತ್ತವೆ, ತಲೆಯನ್ನೂ ಮಂಕು ಮಾಡುತ್ತವೆ. ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಟ್ಯೂಬ್ ಹಾಕಿದರು. ಮೂರನೇ ದಿನ ಬೆಳಿಗ್ಗೆ ಹೆಂಡತಿಯನ್ನು ನೋಡಿ "ನಿನ್ನೆ ಎಷ್ಟು ಇಂಚು ಬಿತ್ತು?" ಅಂತ ಕೇಳಿದರಂತೆ. ಹೆಂಡತಿ ನನಗೆ ಫೋನ್ ಮಾಡಿ ಅಷ್ಟೇ ಹೇಳಿ ಅತ್ತರು.

ಎಲ್ಲ ಹೀಗೆ ಸರಿಹೋಗುತ್ತೆ ಅಂತಲ್ಲ. ಒಬ್ಬಂಟಿಯಾಗಿ ದೊಡ್ಡ ಮನೆಯಲ್ಲಿರುವವರು ಎಷ್ಟೋ ಜನ. ಕರೆಂಟ್ ಹೋದರೆ ಫೋನ್ ಸಿಗ್ನಲ್ಲೂ ಹೋಗುತ್ತೆ. ಅವರ ಮಟ್ಟಿಗೆ ನನ್ನ ಹತ್ತಿರ ಉಪಾಯ ಇಲ್ಲ. ಹಾಲಿನವನಿಗೆ, ಪಕ್ಕದ ಲೈನ್ ಮನೆಯವರಿಗೆ ನನ್ನ ನಂಬರ್ ಕೊಟ್ಟಿದ್ದೇನೆ, ಅಷ್ಟೇ.

ಸೊಂಟ ಮುರಿದ ತಾಯಿ ಈಗ ವಾಕರ್ ಹಿಡಿದು ಜಗಲಿವರೆಗೆ ಬರುತ್ತಾರೆ. ಮೊನ್ನೆ ಹೋದಾಗ ಮಳೆ ಜೋರಾಗಿತ್ತು, ಇನ್ನೂ ನಾಲ್ಕು ಮನೆ ಬಾಕಿ ಇತ್ತು. ಒಂದು ನಿಮಿಷದ ಬಿಪಿ ನೋಡಿ, ಚೆನ್ನಾಗಿದೆ ಕೂತ್ಕೊಳ್ಳಿ ಅಂದೆ. ಅವರು ಕೂರಲಿಲ್ಲ. ನನ್ನ ಕೈ ಬಿಡದೆ ಗೋಡೆ ಗಡಿಯಾರ ನೋಡಿದರು.

"ಇನ್ನೂ ಎರಡು ನಿಮಿಷ ಉಂಟಲ್ಲ."