ಮನೆ ನಡುಗದಂತೆ, ಖರ್ಚು ಏರದಂತೆ ಬಂಡೆ ಸಿಡಿಸುವುದು ಹೇಗೆ?

ಕ್ವಾರಿಯಲ್ಲಿ ಖರ್ಚು ಜಾಸ್ತಿಯಾದರೆ ಮೊದಲು ಕತ್ತರಿ ಬೀಳುವುದು ಸಿಡಿಮದ್ದಿಗೆ. ಲೆಕ್ಕವನ್ನು ಕ್ರಷರ್ ಬಾಯಿಯವರೆಗೂ ಹಾಕಿ ನೋಡಿ. ಮದ್ದು ತುಂಬುವ ಕುಳಿಗಳನ್ನು ತೀರಾ ದೂರ ದೂರ ಕೊರೆದರೆ ದಪ್ಪ ದಪ್ಪ ಬಂಡೆಗಳೇ ಬೀಳುತ್ತವೆ. ಮದ್ದಿನಲ್ಲಿ ಉಳಿದ ದುಡ್ಡನ್ನು ಆ ಬಂಡೆ ಒಡೆಯುವ ಯಂತ್ರದ (ಬ್ರೇಕರ್) ಬಾಡಿಗೆ, ಡೀಸೆಲ್ ನುಂಗುತ್ತವೆ. ಮೇಲಾಗಿ, ಕುಳಿಯ ಮುಂದಿರುವ ಕಲ್ಲು ಸುಲಭವಾಗಿ ಸರಿಯದಿದ್ದರೆ ಮದ್ದಿನ ಶಕ್ತಿ ನೆಲಕ್ಕಿಳಿದು ಕಂಪನವನ್ನೂ ಹೆಚ್ಚಿಸುತ್ತದೆ.

ಮೊದಲು ಮಿತಿ ತಿಳಿದುಕೊಳ್ಳಿ. ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ (ಡಿಜಿಎಂಎಸ್) 1997ರ ಸುತ್ತೋಲೆಯ ಪ್ರಕಾರ ಊರಿನವರ ಮನೆಗಳ ಹತ್ತಿರ ನೆಲದ ಕಂಪನದ ವೇಗ, ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿ.ಮೀ. ದಾಟಬಾರದು. 8ರಿಂದ 25 ಹರ್ಟ್ಸ್‌ಗೆ 10, ಅದಕ್ಕೂ ಮೇಲೆ 15. ಹಳೆಯ ಸ್ಮಾರಕಗಳಿದ್ದರೆ ಇನ್ನೂ ಬಿಗಿ: 2, 5, 10. ನಿಧಾನದ ಅಲುಗಾಟವೇ ಮನೆಗೆ ಹೆಚ್ಚು ಅಪಾಯ.

ಆಮೇಲೆ ಸಣ್ಣ ಪ್ರಾಯೋಗಿಕ ಸ್ಫೋಟಗಳನ್ನು ಮಾಡಿ, ಬೇರೆ ಬೇರೆ ದೂರದಲ್ಲಿ ಕಂಪನಮಾಪಕ ಇಟ್ಟು ಅಳೆಯಿರಿ. ಸುಮ್ನೆ ಸಡಿಲ ಮಣ್ಣಿನ ಮೇಲಿಟ್ಟರೆ ಅಳತೆ ತಪ್ಪುತ್ತದೆ, ನೆಲಕ್ಕೆ ಗಟ್ಟಿಯಾಗಿ ಕೂರಿಸಬೇಕು. ಪಕ್ಕದ ಕ್ವಾರಿಯ ಸೂತ್ರ ನಿಮ್ಮ ಬಂಡೆಗೆ ಹೊಂದುತ್ತದೆ ಎಂದು ನಂಬಬೇಡಿ.

ಈಗ ಮುಖ್ಯ ಲೆಕ್ಕ. ಒಟ್ಟು ಎಷ್ಟು ಮದ್ದು ಸಿಡಿಯಿತು ಅನ್ನುವುದಕ್ಕಿಂತ ಒಂದೇ ಡಿಲೇಯಲ್ಲಿ, ಅಂದರೆ ಬಿಟ್ಟು ಬಿಟ್ಟು ಸಿಡಿಸುವಾಗ ಒಂದೇ ಏಟಿಗೆ, ಎಷ್ಟು ಸಿಡಿಯಿತು ಅನ್ನುವುದು ಮುಖ್ಯ. 8 ಮಿಲಿಸೆಕೆಂಡಿನೊಳಗೆ ಸಿಡಿದದ್ದನ್ನೆಲ್ಲ ಒಂದೇ ಏಟು ಎಂದು ಹಿಡಿಯುವುದು ರೂಢಿ. ದೂರವನ್ನು (ಮೀಟರ್) ಒಂದು ಡಿಲೇಯ ಮದ್ದಿನ (ಕೆ.ಜಿ.) ವರ್ಗಮೂಲದಿಂದ ಭಾಗಿಸಿ. ಆ ಭಾಗಲಬ್ಧ 30 ಇದ್ದರೆ ಕಂಪನ ಮಿತಿಯೊಳಗಿರುತ್ತದೆ ಎಂದು ನಿಮ್ಮ ಪ್ರಯೋಗ ತೋರಿಸಿತು ಎನ್ನಿ. 300 ಮೀಟರ್‌ನಲ್ಲಿ ಮನೆಯಿದ್ದರೆ ಡಿಲೇಗೆ 100 ಕೆ.ಜಿ. ಹಾಕಬಹುದು. 150 ಮೀಟರ್ ಆದರೆ 25 ಮಾತ್ರ! ದೂರ ಅರ್ಧವಾದರೆ ಮದ್ದು ಕಾಲುಭಾಗಕ್ಕೆ ಇಳಿಯುತ್ತದೆ.

100 ಮಿ.ಮೀ. ಅಗಲದ ಕುಳಿಯಲ್ಲಿ ಎಮಲ್ಷನ್ ಎಂಬ ಸಿಡಿಮದ್ದು ಮೀಟರಿಗೆ ಸುಮಾರು 9 ಕೆ.ಜಿ. ಹಿಡಿಯುತ್ತದೆ. 7 ಮೀಟರ್ ತುಂಬಿದರೆ 63 ಕೆ.ಜಿ. 25ರೊಳಗೆ ಬರಬೇಕಾದರೆ ಕುಳಿಯನ್ನು ತೆಳುವಾಗಿಸಿ, ಅಥವಾ ಮದ್ದನ್ನು ಪದರಗಳಾಗಿ ತುಂಬಿ ನಡುವೆ ಜಲ್ಲಿಪುಡಿ ಹಾಕಿ, ಒಂದೊಂದು ಪದರಕ್ಕೂ ಬೇರೆ ಡಿಲೇ ಕೊಡಿ. ಮದ್ದಿಗೆ ಕಿಡಿ ಕೊಡುವ ಡಿಟೋನೇಟರ್‌ಗಳ ಖರ್ಚು ಏರುತ್ತದೆ, ನಿಜ. ಹಾಗಾಗಿ ಇದನ್ನು ಊರಿನ ಕಡೆಯ ಮಗ್ಗುಲಿಗಷ್ಟೇ ಮಾಡಿ, ಅಲ್ವಾ?

ಕುಳಿಯ ಬಾಯಿ ಮುಚ್ಚಲು ಕೊರೆದ ಧೂಳಿಗಿಂತ ಸಣ್ಣ ಜಲ್ಲಿ ಮೇಲು. ಅದು ಕ್ರಷರ್‌ನಲ್ಲೇ ಬಿದ್ದಿರುತ್ತದೆ. ಬಾಯಿ ಸಡಿಲವಾದರೆ ಕಲ್ಲು ಹಾರುತ್ತದೆ, ಕಿಟಕಿ ಗಡಗಡ ಅನ್ನುತ್ತದೆ. ಜನ ಹೆಚ್ಚು ಬೆಚ್ಚುವುದು ಈ ಸದ್ದಿಗೇ. ಸುತ್ತಲಿನ ಮನೆಗಳ ಬಿರುಕುಗಳನ್ನು ಕೆಲಸ ಶುರುವಾಗುವ ಮೊದಲೇ, ಮನೆಯವರ ಎದುರಿನಲ್ಲಿ, ಫೋಟೊ ತೆಗೆದು ದಾಖಲಿಸಿಕೊಳ್ಳಿ.