ಅಂಗಡಿ ಗೂಗಲ್ ಮ್ಯಾಪ್‌ನಲ್ಲಿ ಕಾಣಬೇಕೆ? ಬಿಡಿಗಾಸೂ ಕೊಡದೆ ನೀವೇ ಮಾಡಿಕೊಳ್ಳಿ

ಹೊಸದಾಗಿ ಹೊಲಿಗೆ ಅಂಗಡಿ ಹಾಕಿದವರು ಮೊದಲು ಕರಪತ್ರ ಹಂಚುತ್ತಾರೆ, ಆಮೇಲೆ ಇನ್‌ಸ್ಟಾಗ್ರಾಂ ಖಾತೆ ತೆರೆದು ನಾಲ್ಕು ರೀಲ್ಸ್ ಹಾಕುತ್ತಾರೆ. ಅದೇ ಹೊತ್ತಿನಲ್ಲಿ ಎರಡು ಬೀದಿ ಆಚೆ, ಮದುವೆ ಹತ್ತಿರ ಬಂದಿರುವ ಮನೆಯ ಹೆಣ್ಣುಮಗಳೊಬ್ಬಳು ಮೊಬೈಲ್‌ನಲ್ಲಿ ‘ಹತ್ತಿರದ ಬ್ಲೌಸ್ ಟೈಲರ್’ ಎಂದು ಹುಡುಕುತ್ತಿರುತ್ತಾಳೆ. ಅವಳಿಗೆ ಸಿಗುವ ಪಟ್ಟಿಯಲ್ಲಿ ನಿಮ್ಮ ಅಂಗಡಿ ಇಲ್ಲದಿದ್ದರೆ ಅವಳು ಬೇರೆಯವರ ಬಳಿಗೆ ಹೋಗುತ್ತಾಳೆ, ಅಷ್ಟೆ.

ಆ ಪಟ್ಟಿಗೆ ಸೇರಲು ಬೇಕಾದ ಸಾಧನ ಗೂಗಲ್ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಬಂತು, 2021ರಲ್ಲಿ ಹೆಸರು ಬದಲಾಯಿತು. ಅಂದಿನಿಂದ ಇಂದಿನವರೆಗೂ ಪೂರ್ತಿ ಉಚಿತ. ಇದರ ಜೊತೆಗೆ ವ್ಯಾಪಾರಿಗಳಿಗೆಂದೇ ಇರುವ ಉಚಿತ ಆ್ಯಪ್ ವಾಟ್ಸ್‌ಆ್ಯಪ್ ಬಿಸಿನೆಸ್ ಇದ್ದರೆ ಸಣ್ಣ ಅಂಗಡಿಗೆ ಮೊದಲ ವರ್ಷಕ್ಕೆ ಬೇರೇನೂ ಬೇಡ. ಇವೆರಡು ಸರಿಯಾಗುವ ತನಕ ಮೂರನೆಯದನ್ನು ಮುಟ್ಟಲೂ ಬೇಡಿ.

ಹಂತ 1: ಖಾತೆ ನಿಮ್ಮದೇ ಇರಲಿ

ಅಂಗಡಿಗೆಂದೇ ಒಂದು ಜಿಮೇಲ್ ಖಾತೆ ತೆರೆಯಿರಿ. ಪಾಸ್‌ವರ್ಡ್ ನಿಮ್ಮಲ್ಲಿರಲಿ, ಮರುಪಡೆಯುವ ಮೊಬೈಲ್ ಸಂಖ್ಯೆಯೂ ನಿಮ್ಮದೇ ಇರಲಿ. ಈ ಒಂದು ಮಾತನ್ನು ಒತ್ತಿ ಹೇಳಲು ಕಾರಣವಿದೆ. ‘ನಾವೇ ಮಾಡಿಕೊಡುತ್ತೇವೆ’ ಎಂದು ಬರುವ ಏಜೆಂಟರು ತಮ್ಮ ಖಾತೆಯಲ್ಲಿ ಪ್ರೊಫೈಲ್ ತೆರೆದು, ವರ್ಷ ಕಳೆದ ಮೇಲೆ ‘ನವೀಕರಣ ಶುಲ್ಕ’ ಕೇಳುತ್ತಾರೆ. ಹಾಗೊಂದು ಶುಲ್ಕವೇ ಇಲ್ಲ. ‘ಗೂಗಲ್‌ನಿಂದ ಮಾತನಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪ್‌ನಿಂದ ಹೋಗುತ್ತದೆ’ ಎಂದು ಕರೆ ಬಂದರೆ ಮರುಮಾತಿಲ್ಲದೆ ಫೋನ್ ಇಡಿ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ.

ಸಹಾಯಕ್ಕೆ ಮಗನೋ ತಂಗಿಯೋ ಬೇಕಿದ್ದರೆ ಅವರನ್ನು ಮ್ಯಾನೇಜರ್ ಆಗಿ ಸೇರಿಸಿ. ಮಾಲೀಕತ್ವ ಮಾತ್ರ ನಿಮ್ಮ ಕೈಬಿಟ್ಟು ಹೋಗದಿರಲಿ.

ಹಂತ 2: ಹೆಸರು, ವರ್ಗ, ವಿವರ

ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು. ‘ಶ್ರೀ ಲಕ್ಷ್ಮಿ ಟೈಲರ್ಸ್’ ಎಂದಿದ್ದರೆ ಅಷ್ಟೇ ಬರೆಯಿರಿ. ‘ಶ್ರೀ ಲಕ್ಷ್ಮಿ ಟೈಲರ್ಸ್ ಬೆಸ್ಟ್ ಬ್ಲೌಸ್ ಸ್ಟಿಚಿಂಗ್ ದಾವಣಗೆರೆ’ ಎಂದು ಬಾಲ ಅಂಟಿಸಿದರೆ ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ಮುಖ್ಯ ವರ್ಗ ಒಂದೇ ಒಂದು, ಅದರ ಜೊತೆ ಇನ್ನೂ ಒಂಬತ್ತು ವರ್ಗಗಳಿಗೆ ಅವಕಾಶವಿದೆ. ಒಂಬತ್ತನ್ನೂ ತುಂಬಿಸುವ ಹಟ ಬೇಡ. ನಿಜವಾಗಿ ಮಾಡುವ ಎರಡು ಮೂರು ಕೆಲಸ ಸಾಕು.

ವಿವರಣೆಗೆ 750 ಅಕ್ಷರಗಳ ಮಿತಿ. ಕನ್ನಡದಲ್ಲೇ ಬರೆಯಿರಿ, ಆದರೆ ನೇರವಾಗಿ ಮೊಬೈಲ್‌ನ ಕೀಲಿಮಣೆಯಿಂದ. ಮುದ್ರಣದ ಅಂಗಡಿಯವರು ಕರಪತ್ರಕ್ಕಾಗಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಕೊಟ್ಟಿದ್ದನ್ನು ಇಲ್ಲಿ ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಇಂಟರ್‌ನೆಟ್‌ಗೆ ಯೂನಿಕೋಡ್ ಕನ್ನಡವೇ ಆಗಬೇಕು, ಮೊಬೈಲ್ ಕೀಲಿಮಣೆ ಬರೆಯುವುದು ಅದನ್ನೇ.

ಹಂತ 3: ಪಿನ್ ನಿಮ್ಮ ಬಾಗಿಲ ಮೇಲೆಯೇ ಬೀಳಬೇಕು

‘ಆಂಜನೇಯ ದೇವಸ್ಥಾನದ ಹಿಂದೆ, ಹಳೇ ರೇಷನ್ ಅಂಗಡಿ ಪಕ್ಕ’ ಎಂಬ ವಿಳಾಸ ಅಂಚೆಯಣ್ಣನಿಗೆ ಗೊತ್ತಾಗುತ್ತದೆ, ಮ್ಯಾಪ್‌ಗೆ ಗೊತ್ತಾಗುವುದಿಲ್ಲ. ವಿಳಾಸ ಬರೆದ ಮೇಲೆ ಗೂಗಲ್ ತಾನಾಗಿ ಇಡುವ ಪಿನ್, ಅಂದರೆ ಮ್ಯಾಪ್ ಮೇಲೆ ಅಂಗಡಿಯ ಜಾಗ ತೋರಿಸುವ ಗುರುತು, ಎಷ್ಟೋ ಬಾರಿ ಬಡಾವಣೆಯ ನಡುವಿಗೋ ಮುಖ್ಯರಸ್ತೆಗೋ ಹೋಗಿ ಕೂರುತ್ತದೆ. ಉಪಗ್ರಹ ಚಿತ್ರಕ್ಕೆ ಬದಲಾಯಿಸಿ, ನಿಮ್ಮ ಕಟ್ಟಡದ ಚಾವಣಿ ಕಾಣುವಷ್ಟು ಹಿಗ್ಗಿಸಿ, ಪಿನ್ ಅನ್ನು ಎಳೆದು ಬಾಗಿಲ ಮುಂದೆ ಇಡಿ. ರಸ್ತೆಗೆ ಡಿವೈಡರ್ ಇದ್ದರೆ ಇನ್ನೂ ಎಚ್ಚರ. ಪಿನ್ ಆಚೆ ಬದಿಗೆ ಬಿದ್ದರೆ ಗ್ರಾಹಕರು ಸರ್ಕಲ್ ಸುತ್ತಿ ಬರಬೇಕಾಗುತ್ತದೆ, ಬಹಳಷ್ಟು ಮಂದಿ ಬರುವುದೇ ಇಲ್ಲ.

ಮನೆಯಲ್ಲೇ ಜೋಳದ ರೊಟ್ಟಿ, ಹೋಳಿಗೆ ಮಾಡಿ ಮಾರುವವರು ಮನೆ ವಿಳಾಸವನ್ನು ಜಗತ್ತಿಗೆ ತೋರಿಸಬೇಕಿಲ್ಲ. ವಿಳಾಸ ಮರೆಮಾಡಿ, ತಲುಪಿಸುವ ಪ್ರದೇಶಗಳನ್ನು ಮಾತ್ರ ನಮೂದಿಸಿ. ಇಪ್ಪತ್ತು ಪ್ರದೇಶಗಳವರೆಗೆ ಅವಕಾಶವಿದೆ.

ಹಂತ 4: ಪರಿಶೀಲನೆಯ ವಿಡಿಯೊ

ಹೆಚ್ಚಿನವರು ಸೋಲುವುದು ಇಲ್ಲಿ. ಅಂಗಡಿ ನಿಜವಾಗಿಯೂ ಇದೆ, ಅದನ್ನು ನಡೆಸುವವರು ನೀವೇ ಎಂಬುದನ್ನು ಗೂಗಲ್‌ಗೆ ತೋರಿಸದೆ ಪ್ರೊಫೈಲ್ ಜನರಿಗೆ ಕಾಣುವುದಿಲ್ಲ. ಯಾವ ವಿಧಾನ ಎಂಬುದನ್ನು ಗೂಗಲ್ಲೇ ನಿರ್ಧರಿಸುತ್ತದೆ. ಈಗ ಬಹಳ ಜನಕ್ಕೆ ಬರುವುದು ವಿಡಿಯೊ.

ಮೊದಲ ತಪ್ಪು, ಅಂಗಡಿಯೊಳಗೆ ನಿಂತು ಸುತ್ತ ಒಂದು ಸುತ್ತು ತಿರುಗಿಸಿ ಕಳಿಸುವುದು. ಎರಡನೆಯದು, ತುಂಡು ತುಂಡಾಗಿ ತೆಗೆದು ಜೋಡಿಸುವುದು. ಮೂರನೆಯದು, ಹಾಡು ಸೇರಿಸಿ ಜಾಹೀರಾತಿನಂತೆ ಮಾಡುವುದು. ಮೂರೂ ತಿರಸ್ಕೃತವಾಗುವ ದಾರಿಗಳು. ಗೂಗಲ್ ತೆರೆದುಕೊಡುವ ಪುಟದಿಂದಲೇ, ಎಲ್ಲಿಯೂ ನಿಲ್ಲಿಸದೆ, ಒಂದೇ ಓಟದಲ್ಲಿ ಚಿತ್ರೀಕರಿಸಬೇಕು. ಕನಿಷ್ಠ 30 ಸೆಕೆಂಡ್ ಇರಬೇಕು. ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಸುವುದು ಒಳ್ಳೆಯದು. ಅದಕ್ಕಿಂತ ಉದ್ದವಾದರೆ ಅಪ್‌ಲೋಡ್ ಆಗುವಾಗಲೇ ಅರ್ಧಕ್ಕೆ ನಿಂತುಬಿಡಬಹುದು.

ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು ಶುರು ಮಾಡಿ. ಬೀದಿಯ ತುದಿಯಲ್ಲಿ ನಿಂತು ರಸ್ತೆಯ ಹೆಸರಿನ ಫಲಕ ತೋರಿಸಿ. ಫಲಕವಿಲ್ಲದ ಊರಿನಲ್ಲಿ ಬಸ್ ನಿಲ್ದಾಣ, ಬ್ಯಾಂಕು, ಶಾಲೆ, ಹೀಗೆ ಮ್ಯಾಪ್‌ನಲ್ಲಿ ಈಗಾಗಲೇ ಇರುವ ಯಾವುದಾದರೂ ಗುರುತು. ಅಲ್ಲಿಂದ ಕ್ಯಾಮೆರಾ ಬಂದ್ ಮಾಡದೆ ನಡೆದು ಬನ್ನಿ, ಅಕ್ಕಪಕ್ಕದ ಅಂಗಡಿಗಳ ಬೋರ್ಡುಗಳು ಕಾಣಲಿ. ನಿಮ್ಮ ಬೋರ್ಡಿನ ಮುಂದೆ ನಿಂತು, ಅಕ್ಷರಗಳನ್ನು ಓದಲಾಗುವಂತೆ ಎರಡು ಕ್ಷಣ ಹಿಡಿಯಿರಿ. ಮುಂದಿನದೇ ಮುಖ್ಯ: ಒಂದು ಕೈಯಲ್ಲಿ ಮೊಬೈಲ್ ಹಿಡಿದೇ ಇನ್ನೊಂದು ಕೈಯಿಂದ ಬೀಗ ತೆಗೆದು ಶಟರ್ ಎತ್ತಿ. ಬೇರೆಯವರ ಅಂಗಡಿಯ ಬೀಗ ತೆಗೆಯಲು ಯಾರಿಂದಲೂ ಆಗದು, ನೀವೇ ನಡೆಸುವವರು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿಯಿಲ್ಲ. ಶಟರ್ ಭಾರವಿದ್ದರೆ ಬೀಗವನ್ನು ಮಾತ್ರ ತೆಗೆದು, ಎತ್ತಲು ಇನ್ನೊಬ್ಬರ ಸಹಾಯ ಪಡೆಯಿರಿ, ಮೊಬೈಲ್ ಮಾತ್ರ ಬಿಡಬೇಡಿ. ಒಳಗೆ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಹೆಸರಿನ ಚೀಟಿ ಸಿಕ್ಕಿಸಿ ತೂಗುಹಾಕಿದ ಬ್ಲೌಸುಗಳು, ಬಿಲ್ ಪುಸ್ತಕ ತೋರಿಸಿ, ಗಲ್ಲಾಪೆಟ್ಟಿಗೆ ಎಳೆದು ತೆರೆಯಿರಿ. ಕೊನೆಗೆ ಅಂಗಡಿಯ ಹೆಸರಿರುವ ಒಂದು ಕಾಗದ: ನಗರಸಭೆಯ ಪರವಾನಗಿ, ಸಣ್ಣ ಉದ್ಯಮಗಳಿಗೆ ಕೊಡುವ ಉದ್ಯಮ್ ನೋಂದಣಿ ಪತ್ರ ಅಥವಾ ವಿದ್ಯುತ್ ಬಿಲ್. ಆಧಾರ್, ಬ್ಯಾಂಕ್ ಪಾಸ್‌ಬುಕ್ ತೋರಿಸಬೇಡಿ. ಗ್ರಾಹಕರ ಮುಖಗಳೂ ಬೇಡ, ಬೆಳಿಗ್ಗೆ ಹೊತ್ತು ಎಂದು ಹೇಳಿದ್ದು ಅದಕ್ಕೂ ಸೇರಿಯೇ.

ಉದ್ಯಮ್ ನೋಂದಣಿ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಉಚಿತ. ಸರ್ಕಾರಿ ತಾಣದಂತೆ ವೇಷ ಹಾಕಿ ಹಣ ಕೇಳುವ ಖಾಸಗಿ ತಾಣಗಳು ಹುಡುಕಿದಾಗ ಮೊದಲೇ ಎದುರಾಗುತ್ತವೆ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇದೆಯೇ ನೋಡಿಕೊಳ್ಳಿ.

ಬೋರ್ಡೇ ಇಲ್ಲದವರು ಮೊದಲು ಬೋರ್ಡ್ ಹಾಕಿಸಿ. ಬಿಳಿ ಹಾಳೆಯಲ್ಲಿ ಹೆಸರು ಬರೆದು ಗೋಡೆಗೆ ಅಂಟಿಸಿ ವಿಡಿಯೊ ತೆಗೆಯುವ ಅಡ್ಡದಾರಿ ನಡೆಯುವುದಿಲ್ಲ. ಹೇಗೂ ಹಾಕಿಸುವಾಗ 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯ ಪ್ರಕಾರ ಶೇ 60ರಷ್ಟು ಕನ್ನಡ ಇರುವಂತೆ ಮಾಡಿಸಿ, ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಗುತ್ತದೆ. ಮನೆಯಿಂದ ನಡೆಸುವವರಿಗೆ ಬೋರ್ಡ್ ಇರುವುದಿಲ್ಲ. ಅವರು ಬೀದಿಯಿಂದ ಮನೆಯ ಬಾಗಿಲವರೆಗೆ ಬಂದು, ರೊಟ್ಟಿ ಹಂಚು, ಹಿಟ್ಟಿನ ಚೀಲ, ಹೆಸರು ಮುದ್ರಿಸಿದ ಪ್ಯಾಕೆಟ್, ಆಹಾರ ಮಾರಾಟಕ್ಕೆ ಪಡೆದ ಎಫ್‌ಎಸ್‌ಎಸ್‌ಎಐ ಪತ್ರ ತೋರಿಸಬೇಕು.

ಫಲಿತಾಂಶಕ್ಕೆ ಐದು ಕೆಲಸದ ದಿನಗಳವರೆಗೆ ಬೇಕಾಗಬಹುದು. ಆ ನಡುವೆ ಹೆಸರು, ವಿಳಾಸ, ವರ್ಗ ಯಾವುದನ್ನೂ ಬದಲಿಸಬೇಡಿ. ತಿರಸ್ಕಾರವಾದರೆ ಹೊಸ ಪ್ರೊಫೈಲ್ ತೆರೆಯಲೂ ಬೇಡಿ, ಒಂದೇ ಅಂಗಡಿಗೆ ಎರಡು ಪ್ರೊಫೈಲ್ ಆದರೆ ತೊಡಕು ಇಮ್ಮಡಿ. ಅದೇ ಪ್ರೊಫೈಲ್‌ನಲ್ಲಿ, ಬಿಟ್ಟುಹೋದದ್ದನ್ನು ಸೇರಿಸಿ ಮತ್ತೆ ವಿಡಿಯೊ ಕಳಿಸಿ.

ಹಂತ 5: ಚಿತ್ರ ಮತ್ತು ಸಮಯ

ನಿಮ್ಮದೇ ಮೊಬೈಲ್‌ನಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳನ್ನಷ್ಟೇ ಹಾಕಿ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ನಟಿಯರ ಬ್ಲೌಸ್ ಚಿತ್ರ ಬೇಡವೇ ಬೇಡ. ಗೌರಿ ಗಣೇಶ, ದೀಪಾವಳಿ ರಜೆಯನ್ನು ವಿಶೇಷ ಸಮಯ ಎಂಬಲ್ಲಿ ಮೊದಲೇ ತುಂಬಿ. ‘ತೆರೆದಿದೆ’ ಎಂದು ನೋಡಿ ಬಂದು ಮುಚ್ಚಿದ ಶಟರ್ ಕಂಡವರು ಮತ್ತೆ ಬರುವುದು ಕಷ್ಟ.

ಹಂತ 6: ಅಭಿಪ್ರಾಯ ಕೇಳಿ, ಕೊಳ್ಳಬೇಡಿ

ಪ್ರೊಫೈಲ್‌ನಲ್ಲೇ ಅಭಿಪ್ರಾಯ ಕೇಳುವ ಕೊಂಡಿ ಮತ್ತು ಕ್ಯೂಆರ್ ಕೋಡ್ ಸಿಗುತ್ತವೆ. ಮುದ್ರಿಸಿ ಗಲ್ಲಾಪೆಟ್ಟಿಗೆಯ ಮೇಲಿಡಿ. ‘ಐದು ಸ್ಟಾರ್ ಕೊಟ್ಟರೆ ರಿಯಾಯಿತಿ’ ಎನ್ನುವುದು ನಿಯಮಕ್ಕೆ ವಿರುದ್ಧ. ಹಣ ಕೊಟ್ಟು ಕೊಂಡ ಅಭಿಪ್ರಾಯಗಳು ಒಂದೇ ವಾರದಲ್ಲಿ, ಒಂದೇ ಧಾಟಿಯಲ್ಲಿ ಬರುತ್ತವೆ, ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಕೆಟ್ಟ ಅಭಿಪ್ರಾಯ ಬಂದರೆ ಜಗಳಕ್ಕೆ ನಿಲ್ಲಬೇಡಿ. ‘ತೋಳು ಬಿಗಿಯಾಗಿದ್ದಕ್ಕೆ ಕ್ಷಮಿಸಿ. ಬ್ಲೌಸ್ ತನ್ನಿ, ಒಳಗೆ ಬಟ್ಟೆ ಬಿಟ್ಟಿದ್ದೇವೆ, ಉಚಿತವಾಗಿ ಬಿಡಿಸಿಕೊಡುತ್ತೇವೆ’ ಎಂದಷ್ಟೇ ಬರೆಯಿರಿ. ಇದನ್ನು ಓದುವವರಲ್ಲಿ ದೂರಿದವರಿಗಿಂತ ಮುಂದೆ ಬರಲಿರುವ ಗ್ರಾಹಕರೇ ಹೆಚ್ಚು.

ಹಂತ 7: ವಾಟ್ಸ್‌ಆ್ಯಪ್ ಬಿಸಿನೆಸ್

ಅಂಗಡಿಗೆ ಬೇರೆ ಸಿಮ್ ಇರಲಿ. ಸ್ಥಿರ ದೂರವಾಣಿ ಸಂಖ್ಯೆಯಿಂದಲೂ ನೋಂದಾಯಿಸಬಹುದು. ಕ್ಯಾಟಲಾಗ್‌ನಲ್ಲಿ ನಿಮ್ಮ ಹತ್ತು ಒಳ್ಳೆಯ ಕೆಲಸಗಳ ಚಿತ್ರವಿರಲಿ, ದರ ಬರೆದೇ ಹಾಕಿ. ‘ದರಕ್ಕೆ ಇನ್‌ಬಾಕ್ಸ್ ಮಾಡಿ’ ಎನ್ನುವವರ ಬಳಿಗೆ ನಾನಂತೂ ಹೋಗುವುದಿಲ್ಲ. ಲೈನಿಂಗ್ ಬ್ಲೌಸಿಗೆ ಎಷ್ಟು, ಎಷ್ಟು ದಿನ ಬೇಕು, ಅಳತೆ ಬ್ಲೌಸ್ ತರಬೇಕೆ ಎಂಬ ಪ್ರಶ್ನೆಗಳಿಗೆ ಶೀಘ್ರ ಉತ್ತರಗಳನ್ನು ಬರೆದಿಟ್ಟುಕೊಂಡರೆ ಯಂತ್ರದ ಮುಂದೆ ಕೂತವರಿಗೆ ದೊಡ್ಡ ಉಪಕಾರ.

ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ, ಆದ್ದರಿಂದ ಬಟ್ಟೆ ಕೊಡುವಾಗಲೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಕೇಳಿ. ಸಾವಿರಾರು ಜನರಿಗೆ ಒಮ್ಮೆಲೇ ಕಳಿಸುತ್ತೇವೆ ಎನ್ನುವ ಅಗ್ಗದ ಸಾಫ್ಟ್‌ವೇರ್‌ಗಳನ್ನು ದೂರವಿಡಿ, ಸಂಖ್ಯೆಯೇ ನಿಷೇಧಕ್ಕೊಳಗಾಗುತ್ತದೆ. ದಿನಾ ಶುಭೋದಯದ ಚಿತ್ರ ಕಳಿಸಿದರೆ ಗ್ರಾಹಕರೇ ನಿಮ್ಮನ್ನು ಬ್ಲಾಕ್ ಮಾಡುತ್ತಾರೆ.

ಹಂತ 8: ತಿಂಗಳಿಗೊಮ್ಮೆ ಲೆಕ್ಕ ನೋಡಿ

ಎಷ್ಟು ಜನ ಕರೆ ಮಾಡಿದರು, ಎಷ್ಟು ಜನ ದಾರಿ ಕೇಳಿದರು, ಯಾವ ಪದ ಹುಡುಕಿದಾಗ ನಿಮ್ಮ ಅಂಗಡಿ ಕಂಡಿತು ಎಂಬುದೆಲ್ಲ ಪ್ರೊಫೈಲ್‌ನ ಕಾರ್ಯಕ್ಷಮತೆ ವಿಭಾಗದಲ್ಲಿ ಸಿಗುತ್ತದೆ. ಆ ಪದಗಳ ಪಟ್ಟಿಯನ್ನು ಬಿಡದೆ ಓದಿ. ‘ಸೀರೆ ಕುಚ್ಚು’ ಎಂದು ಹುಡುಕಿದವರು ಅದರಲ್ಲಿದ್ದು, ನೀವು ಕುಚ್ಚು ಕಟ್ಟುವವರಾಗಿದ್ದೂ ಸೇವೆಗಳ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ, ಅಂದೇ ಸೇರಿಸಿ, ಕಟ್ಟಿದ ಕುಚ್ಚಿನ ಎರಡು ಚಿತ್ರಗಳನ್ನೂ ಹಾಕಿ.