ಮೂತ್ರಚೀಲದ ಗಡ್ಡಿಗೆ ಲೇಸರ್, ನಾ ಯಾಕ ಮಾಡ್ತೀನಿ, ಹೆಂಗ ಮಾಡ್ತೀನಿ

ಮೂತ್ರಚೀಲದಾಗ ಕ್ಯಾನ್ಸರ್ ಗಡ್ಡಿ ಆಗಿ ಬೆಳಗಾವಿಯ ನಮ್ಮ ಓಪಿಡಿಗೆ ಬರೋರು ಮೊದ್ಲು ಕೇಳೋದ ಇದು, "ಸಾಹೇಬ್ರ, ಲೇಸರ್ ಮಾಡ್ತೀರಿಲ್ರಿ, ಕೊಯ್ಯಂಗಿಲ್ಲ ಹೌದಿಲ್ರಿ?" ಖರೇ ಹೇಳ್ಬೇಕಂದ್ರ ಹಳೇ ಟಿಯುಆರ್‌ಬಿಟಿ (ಕರೆಂಟಿನಿಂದ ಗಡ್ಡಿ ಕತ್ತರಿಸೋ ಆಪರೇಷನ್) ಒಳಗೂ ಹೊಟ್ಟಿ ಕೊಯ್ಯಂಗಿಲ್ಲ, ಅದೂ ಉಚ್ಚಿ ದಾರಿಯಿಂದನ ದುರ್ಬೀನ್ ಹಾಕಿ ಮಾಡೋದು. ನಾ ಲೇಸರ್ ಹಿಡಿದಿದ್ದು ಬೇರೆ ಕಾರಣಕ್ಕ.

ಕರೆಂಟಿನ ಲೂಪ್ ಹಾಕಿ ಕತ್ತರಿಸಿದ್ರ ಗಡ್ಡಿ ಚೂರು ಚೂರಾಗಿ ಬರ್ತೈತಿ, ಅಂಚು ಸುಟ್ಟಿರತಾವ, ತುಂಡ ಪರೀಕ್ಷೆ ಮಾಡೋ ಪೆಥಾಲಜಿಸ್ಟ್‌ಗೆ ತಳ ಯಾವುದು ತುದಿ ಯಾವುದು ಅಂತ ತಿಳಿಯೋದ ಕಷ್ಟ ಆಗ್ತೈತಿ. ಹೋಲ್ಮಿಯಂ ಲೇಸರ್ ಒಳಗ ಗಡ್ಡಿಯಿಂದ ಸ್ವಲ್ಪ ದೂರ ಬಿಟ್ಟು ಸುತ್ತಲೂ ಮೊದ್ಲ ಗೆರಿ ಹಾಕ್ತೀನಿ, ಆಮ್ಯಾಲೆ ಸ್ನಾಯು ಪದರದ ತನಕ ಇಳಿದು ನಿಧಾನಕ್ಕ ಬಿಡಿಸ್ಕೋತ ಬಂದು, ಸಸಿ ಬೇರಿನ ಮಣ್ಣು ಸಮೇತ ಎತ್ತಿದಂಗ ಇಡೀ ತುಂಡ ತೆಗೀತೀನಿ. ಈ ಲೇಸರ್ 2100 ನ್ಯಾನೋಮೀಟರ್‌ದು, ನೀರು ಅದನ್ನ ಲಗೂನ ಹೀರ್ಕೋತೈತಿ, ಹಂಗಾಗಿ ಅಂಗಾಂಶದಾಗ ಸುಮಾರು 0.4 ಮಿಲಿಮೀಟರ್ ಅಷ್ಟ ಇಳೀತೈತಿ, ಎಷ್ಟು ಆಳ ಹೋಗ್ಬೇಕು ಅನ್ನೋದು ನನ್ನ ಕೈಯಾಗ ಇರ್ತೈತಿ. ತೆಗೆದ ತುಂಡಿನ ತಳದಾಗ ಡಿಟ್ರೂಸರ್ (ಮೂತ್ರಚೀಲದ ಗೋಡಿ) ಸ್ನಾಯು ಬಂದಿರ್ಲೇಬೇಕು. ಅದಿಲ್ಲಂದ್ರ ಗಡ್ಡಿ ಟಿ1ಕ್ಕ (ಸ್ನಾಯುವಿನ ಮ್ಯಾಲಿನ ಪದರಕ್ಕ) ನಿಂತೈತೋ ಟಿ2ಕ್ಕ (ಸ್ನಾಯುವಿನೊಳಗ) ಇಳದೈತೋ ಹೇಳೋರ್ಯಾರು?

ಇನ್ನೊಂದು, ಬಾಜೂಕಿನ ಗೋಡಿ ಮ್ಯಾಲಿನ ಗಡ್ಡಿ. ಅದರ ಹಿಂದನ ತೊಡಿಗೆ ಹೋಗೋ ಆಬ್ಚುರೇಟರ್ ನರ ಹಾದಿರ್ತೈತಿ, ಕರೆಂಟ್ ಮುಟ್ಟಿದ ಕೂಡ್ಲೇ ಪೇಷಂಟಿನ ಕಾಲು ಝಾಡಿಸ್ತೈತಿ, ಆ ಹೊಡ್ತಕ್ಕ ಮೂತ್ರಚೀಲ ತೂತ ಬೀಳಬಹುದು, ಬರೇ ಸ್ಪೈನಲ್ (ಬೆನ್ನಿಗೆ ಕೊಡೋ ಅರಿವಳಿಕೆ) ಕೊಟ್ರೂ ಇದು ತಪ್ಪಂಗಿಲ್ಲ. ಲೇಸರ್ ಒಳಗ ಕರೆಂಟ ಹರಿಯಂಗಿಲ್ಲ, ಕಾಲು ಸುಮ್ನಿರ್ತೈತಿ (ನಮ್ಮ ಅನಸ್ತೇಶಿಯಾ ಮೇಡಂಗೆ ಲೇಸರ್ ಮ್ಯಾಲೆ ಪ್ರೀತಿ ಬಂದಿದ್ದ ಇದಕ್ಕ).

ಎಲ್ಲಾರಿಗೂ ಆಗಂಗಿಲ್ಲ ಮತ್ತ. ಮೂರು ಸೆಂಟಿಮೀಟರ್‌ಕಿಂತ ದೊಡ್ಡ ಗಡ್ಡಿ ಬಿಡಿಸಿದ್ರೂ ಉಚ್ಚಿ ದಾರಿಯಿಂದ ಇಡಿಯಾಗಿ ಹೊರಗ ತರೋದು ಕಷ್ಟ, ಆಗ ನಾನೂ ಲೂಪಿಗೇ ಕೈ ಹಾಕ್ತೀನಿ. ಸ್ನಾಯುವಿನೊಳಗ ಇಳಿದಿದ್ರ ಲೇಸರ್ ಅದಕ್ಕ ಉತ್ತರ ಅಲ್ಲ, ಮೂತ್ರಚೀಲ ತೆಗಿಯೋದೋ ಕೀಮೋ ರೇಡಿಯೇಶನ್ನೋ ಅಂತ ಕುಂತು ಮಾತಾಡ್ಬೇಕಾಗ್ತೈತಿ.

ಲೇಸರ್ ಮಾಡಿಸಿದ್ರ ಗಡ್ಡಿ ತಿರುಗಿ ಬರಂಗಿಲ್ಲ ಅಂತ ಮಾತ್ರ ನಾ ಯಾರಿಗೂ ಹೇಳಂಗಿಲ್ಲ. ಲೋ ರಿಸ್ಕ್ ಇದ್ದೋರಿಗೆ ಆಪರೇಷನ್ ಆಗಿ 24 ತಾಸಿನೊಳಗ ಮೈಟೋಮೈಸಿನ್ (ಮೂತ್ರಚೀಲದಾಗ ಬಿಡೋ ಕೀಮೋ ಔಷಧಿ) ಒಂದು ಡೋಸ್, ಹೈ ಗ್ರೇಡ್ (ಜೋರಾಗಿ ಬೆಳಿಯೋ ಗಡ್ಡಿ) ಬಂದ್ರ ವಾರಕ್ಕೊಮ್ಮೆ ಆರು ವಾರ ಮೂತ್ರಚೀಲದಾಗ ಬಿಸಿಜಿ ಲಸಿಕೆ, ಮೂರು ತಿಂಗಳಿಗೆ ಚೆಕ್ ಸಿಸ್ಟೋಸ್ಕೋಪಿ (ದುರ್ಬೀನ್ ಹಾಕಿ ಮತ್ತ ನೋಡೋದು). ಬೀಡಿ ಬಿಡ್ರಿ ಅಂತ ನಿಪ್ಪಾಣಿ ಕಡೆಯೋರಿಗೆ ಹೇಳೋದಂತೂ ದೊಡ್ಡ ಕಸರತ್ತು, ತಂಬಾಕ ಅಲ್ಲಿ ಹೊಲದಾಗೂ ಐತಿ ಕಿಸೇದಾಗೂ ಐತಿ.

ಬಹಳಷ್ಟು ಮಂದಿ ತಡಾ ಮಾಡ್ಕೊಂಡ ಬರ್ತಾರ. ಉಚ್ಚಿ ಕೆಂಪಾದ್ರೂ ನೋವಿರಂಗಿಲ್ಲಲ್ಲ, ಉಷ್ಣ ಆಗೇತಿ ಅಂತ ಎಳನೀರು ಕುಡೀತಾರ, ರಕ್ತ ತಾನ ನಿಲ್ತೈತಿ, ವಾಸಿ ಆತು ಅಂದ್ಕೋತಾರ. ಆಪರೇಷನ್ ಆದಮ್ಯಾಲೂ ಇದ ಕತಿ, "ಕಬ್ಬಿನ ಸೀಜನ್ ಐತ್ರಿ, ಮುಂದಿನ ತಿಂಗಳ ಬರ್ತೀನಿ". ಅದಕ್ಕ ಡಿಸ್ಚಾರ್ಜ್ ದಿನಾನ ತಾರೀಖು ಬರೆದು, ಮಗಂದೋ ಸೊಸೀದೋ ಫೋನ್ ನಂಬರ್ ಇಸ್ಕೊಂಡ ಕಳಸ್ತೀವಿ.